ಖೋ ಅನ್ನುವವರೆಗೂ

ಚಂದ್ರಾ ಲೇಔಟ್, ಬೆಂಗಳೂರು
8 ಜುಲೈ 2025

ಪೂಜ್ಯ ಮೇಷ್ಟರಿಗೆ ವಚನಾಳ ನಮಸ್ಕಾರಗಳು.

ನಿಮಗೆ ಫೋನ್ ಮಾಡಿ ಮಾಡಿ ಸಾಕಾಯಿತು. ನಾನು ಬಾಯಿ ತೆರೆದರೆ ನಿಮ್ಮ ಕಿವಿಯ ಮೆಷಿನ್ ಕುಯ್ ಎನ್ನುತ್ತದೆ, ನೀವು "ಆಂ? ಆಂ?" ಎನ್ನುತ್ತೀರಿ, ಪಕ್ಕದಲ್ಲಿ ಲತಕ್ಕ ನಗುತ್ತಿರುತ್ತಾರೆ. ಮಗಳು ಲತಕ್ಕನ ಮನೆಗೆಂದು ಕಲಬುರಗಿ ರೈಲು ಹತ್ತುವಾಗ "ಕಾಗದ ಬರಿಯೇ, ಓದೋದಕ್ಕೆ ಕಿವಿ ಬೇಕಾಗಿಲ್ಲ" ಎಂದಿದ್ದಿರಿ. ಅದಕ್ಕೇ ಬರೆಯುತ್ತಿದ್ದೇನೆ. ಮಂಡಿ ಆಪರೇಷನ್ ಆದಮೇಲೆ ಹೇಗಿದ್ದೀರಿ?

ಬೇರೆಯವರು ಉಪ್ಪುಖಾರ ಹಚ್ಚಿ ಹೇಳುವ ಮೊದಲು ನನ್ನ ವಿಷಯ ನಾನೇ ಹೇಳಿಬಿಡುತ್ತೇನೆ. ನಿನ್ನೆ ಸೋಮವಾರ ಸಂಜೆ ನಮ್ಮ ವಿಜಯನಗರ ಮೈದಾನದಲ್ಲೇ ರಾಜಾಜಿನಗರದ ಹುಡುಗಿಯರ ಜೊತೆ ಖೋ-ಖೋ ಮ್ಯಾಚ್ ಇತ್ತು. ನಾನು ಚೌಕದಲ್ಲಿ ಕೂತಿದ್ದೆ. ಹಿಂದಿನಿಂದ ಓಡಿಬಂದವಳು ನನ್ನ ಬೆನ್ನು ಮುಟ್ಟಿ "ಖೋ" ಅನ್ನುವ ಮೊದಲೇ ನಾನು ಎದ್ದೆನಂತೆ. ಅಂಪೈರ್ ಕಾಂತರಾಜು ಸಾರ್ ಫೌಲ್ ಊದಿದರು. ಒಂದೇ ಆಟದಲ್ಲಿ ಮೂರನೇ ಸಲ. ನನಗೆ ಕಣ್ಣು ಕತ್ತಲೆ ಬಂದಂತಾಯಿತು. ಸೀದಾ ಅವರ ಮುಂದೆ ಹೋಗಿ "ಕಣ್ಣು ಕಾಣ್ಸಲ್ವಾ ಸಾರ್ ನಿಮಗೆ?" ಎಂದೆ. ಅಲ್ಲಿಗೇ ನಿಲ್ಲಿಸಬೇಕಿತ್ತು. ನಿಲ್ಲಿಸದೆ ಅವರ ನೀರಿನ ಬಾಟಲಿಗೆ ಒದ್ದೆ.

ಹಳದಿ ಕಾರ್ಡ್ ಕೊಟ್ಟರು. ಇನ್ನೊಂದು ಕಾರ್ಡ್ ಬಿದ್ದರೆ ಈ ವರ್ಷ ರಾಜ್ಯ ತಂಡದ ಆಯ್ಕೆಗೆ ನನ್ನ ಹೆಸರೇ ಇರುವುದಿಲ್ಲವಂತೆ. ಆಯ್ಕೆ ಪಂದ್ಯ ಸೆಪ್ಟೆಂಬರ್ ಹದಿನೈದಕ್ಕೆ. ಎಂಟು ವರ್ಷದಿಂದ ನಾನು ಇದೊಂದಕ್ಕೆ ಕಾಯುತ್ತಿದ್ದೇನೆಂದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ನಾನು ಎದ್ದಿರಲಿಲ್ಲ ಮೇಷ್ಟ್ರೇ. ಆಣೆಗೂ ಎದ್ದಿರಲಿಲ್ಲ.

ಶಾಲೆಯಲ್ಲಿ ಎಲ್ಲಾ ಚೆನ್ನಾಗಿದೆ. ನೀವು ಹೇಳಿ ಕೊಡಿಸಿದ ಕೆಲಸ, ಚೆನ್ನಾಗಿಲ್ಲದೆ ಇರುತ್ತದೆಯೇ?

ನಿಮ್ಮ
ವಚನಾ

*

ಕಲಬುರಗಿ
16 ಜುಲೈ 2025

ಚಿ. ವಚನಾಳಿಗೆ ಹನುಮಂತಯ್ಯ ಮೇಷ್ಟರ ಆಶೀರ್ವಾದ.

ನನ್ನ ಮಂಡಿಗೇನಾಗಿದೆ? ಕುದುರೆಯ ಹಾಗೆ ಓಡಾಡುತ್ತಿದ್ದೇನೆ. ಬೆಳಿಗ್ಗೆ ಗೇಟಿನವರೆಗೆ ಒಂದು ಸುತ್ತು, ಸಂಜೆ ಇನ್ನೊಂದು. ಈ ಕಾಗದವನ್ನೂ ನಾನೇ ಹೋಗಿ ಅಂಚೆ ಡಬ್ಬಕ್ಕೆ ಹಾಕುತ್ತೇನೆ. ಇಲ್ಲಿ ಬಿಸಿಲು ಒಂದು ಬಿಟ್ಟರೆ ಉಳಿದದ್ದೆಲ್ಲ ಚೆನ್ನಾಗಿದೆ. ಮೂರು ಹೊತ್ತೂ ಜೋಳದ ರೊಟ್ಟಿ. ಮುದ್ದೆ ತಿಂದು ಬೆಳೆದವನು ನಾನು, ಮಗಳ ಮುಂದೆ ಹೇಳುವ ಹಾಗಿಲ್ಲ, ಬಿಡು.

ಕಾಂತರಾಜು ನಿನಗಿಂತ ಮೊದಲು ನನ್ನ ಕೈಕೆಳಗೆ ಆಡಿದವನು. ಸುಮ್ಮನೆ ಸೀಟಿ ಊದುವ ಜಾತಿಯಲ್ಲ. ಅವನು ಎದ್ದಳು ಅಂದರೆ ನೀನು ಎದ್ದಿರುತ್ತೀಯ. ಬಾಟಲಿಗೆ ಒದ್ದದ್ದಕ್ಕೆ ಮೊದಲು ಹೋಗಿ ಕ್ಷಮೆ ಕೇಳು.

ನಿನ್ನ ತೊಂದರೆ ಪಾದದಲ್ಲಿದೆ. ಕೂತಾಗ ಭಾರವನ್ನೆಲ್ಲ ಮುಂಗಾಲಿಗೆ ಹಾಕುತ್ತೀಯ, ಅದಕ್ಕೇ ಚಿಮ್ಮುತ್ತೀಯ. ಹಿಮ್ಮಡಿಗೆ ಭಾರ ಕೊಟ್ಟು ಕೂರುವುದನ್ನು ದಿನಾ ಅಭ್ಯಾಸ ಮಾಡು. ಸಿಟ್ಟಿಗೆ ಬೇರೆ ಔಷಧಿ ಇಲ್ಲ. ಬಂದರೆ ಹಲ್ಲು ಕಚ್ಚಿ ನುಂಗು. ಮಕ್ಕಳಿಗೆ ಆಟ ಹೇಳಿಕೊಡುವವಳು ನೀನು, ನಿನ್ನನ್ನು ನೋಡಿ ಅವು ಏನು ಕಲಿಯಬೇಕು?

ನಿನ್ನ ಮೇಷ್ಟ್ರು
ಹನುಮಂತಯ್ಯ

*

ಚಂದ್ರಾ ಲೇಔಟ್
27 ಜುಲೈ 2025

ಪೂಜ್ಯ ಮೇಷ್ಟರಿಗೆ,

ಕ್ಷಮೆ ಕೇಳಿದೆ. ಕಾಂತರಾಜು ಸಾರ್ "ಬಾಟ್ಲಿ ಹೊಸದು ಕಣಮ್ಮಾ" ಎಂದಷ್ಟೇ ಹೇಳಿ ಹೋದರು. ಬೈದಿದ್ದರೆ ವಾಸಿಯಿತ್ತು.

ನೀವು ಹೇಳಿದ ಹಾಗೆ ಹಿಮ್ಮಡಿಗೆ ಭಾರ ಕೊಟ್ಟು ಕೂತು ಕೂತು ತೊಡೆ ಎರಡೂ ಕಲ್ಲಾಗಿವೆ. ಮೆಟ್ಟಿಲು ಇಳಿಯುವಾಗ ನಮ್ಮಮ್ಮ "ನಿಂದೂ ಮಂಡಿ ಆಪರೇಷನ್ ಆಯ್ತೇನೇ?" ಎಂದು ಕೇಳುತ್ತಾಳೆ. ಆದರೂ ಫೌಲ್ ನಿಂತಿಲ್ಲ.

ನಮ್ಮ ಕ್ಯಾಪ್ಟನ್ ಕೀರ್ತನಾ ಆಟ ನೋಡಲು ಬಂದವರ ಕೈಗೆ ತನ್ನ ಮೊಬೈಲ್ ಕೊಟ್ಟು ನನ್ನ ಆಟ ಹಿಡಿಸಿದ್ದಳು. ನೋಡಿದೆ. ಎದ್ದಿದ್ದೇನೆ ಮೇಷ್ಟ್ರೇ. ಕೀರ್ತನಾಳ ಕೈ ಇನ್ನೂ ಮೊಳದಷ್ಟು ದೂರವಿದೆ, ನಾನು ಆಗಲೇ ಎದ್ದು ಓಡುತ್ತಿದ್ದೇನೆ. ಆಣೆ ಇಟ್ಟು ಬರೆದದ್ದು ನೆನಪಾಗಿ ಮುಖ ಮುಚ್ಚಿಕೊಳ್ಳುವ ಹಾಗಾಯಿತು. ಸುಳ್ಳು ಹೇಳಿರಲಿಲ್ಲ. ಎದ್ದದ್ದು ನನಗೇ ಗೊತ್ತಿರಲಿಲ್ಲ. ನನಗೆ ಭಯವಾಗುತ್ತಿರುವುದೂ ಅದಕ್ಕೇ.

ತಮಾಷೆಯ ವಿಷಯ ಏನು ಗೊತ್ತೇ? ಭಾನುವಾರದ ಪ್ರಾಕ್ಟೀಸಿನಲ್ಲಿ ನಾನು ಒಂದು ಫೌಲನ್ನೂ ಮಾಡುವುದಿಲ್ಲ. ಬಂಡೆಯ ಹಾಗೆ ಕೂತಿರುತ್ತೇನೆ. ಸೋಮವಾರ ಮಾತ್ರ ಹೇಳತೀರದು. ಕೀರ್ತನಾ "ಭಾನುವಾರ ನಿನ್ನ ಕಾಲಿಗೆ ಬುದ್ಧಿ ಬರುತ್ತೇನೇ?" ಎಂದು ರೇಗಿಸುತ್ತಾಳೆ. ಆಯ್ಕೆ ಪಂದ್ಯ ಯಾವ ವಾರ ಎಂದು ಕ್ಯಾಲೆಂಡರ್ ನೋಡಿದೆ. ಸೋಮವಾರವೇ.

ಸಿಟ್ಟನ್ನು ನುಂಗುತ್ತಿದ್ದೇನೆ. ಶಾಲೆ ಚೆನ್ನಾಗಿದೆ.

ವಚನಾ

*

ಕಲಬುರಗಿ
4 ಆಗಸ್ಟ್ 2025

ಚಿ. ವಚನಾ,

ಭಾನುವಾರ ಕೂರುವ ಕಾಲು ಸೋಮವಾರ ಕೂರುವುದಿಲ್ಲ ಅಂದರೆ ದೋಷ ಕಾಲಿನದಲ್ಲ. ಅಲ್ಲಿಗೆ ನನ್ನ ಹಿಮ್ಮಡಿಯ ಮಾತು ಬಿತ್ತು.

ಎರಡು ದಿನ ಯೋಚನೆ ಮಾಡಿದೆ. ಈಗ ಶ್ರಾವಣ ಬೇರೆ. ನಿಮ್ಮ ಮನೆಯಲ್ಲಿ ಸೋಮವಾರ ಉಪವಾಸ ಮಾಡುವುದು ನನಗೆ ಗೊತ್ತು, ನಿಮ್ಮಮ್ಮನನ್ನು ನೋಡಿಲ್ಲವೇ ನಾನು? ಬೆಳಗಿನಿಂದ ಹಸಿದು ಸಂಜೆ ಚೌಕದಲ್ಲಿ ಕೂತರೆ ಯಾರಿಗೆ ತಾಳ್ಮೆ ಇರುತ್ತದೆ? ಶಿವ ನಿನ್ನ ಹೊಟ್ಟೆ ನೋಡಿ ವರ ಕೊಡುವುದಿಲ್ಲ ಕಣಮ್ಮ. ಎರಡು ಬಾಳೆಹಣ್ಣು ತಿಂದುಕೊಂಡು ಆಟಕ್ಕೆ ಹೋಗು. ಉಪವಾಸವಲ್ಲ, ಯಾವನೋ ಹುಡುಗನ ವಿಷಯ ಅನ್ನುವುದಾದರೆ ಅದನ್ನಾದರೂ ನೇರವಾಗಿ ಬರೆ. ನಾನೇನು ನಿನ್ನ ಸೋದರಮಾವನಲ್ಲ, ಕೋಲು ಹಿಡಿದು ಬರುವುದಕ್ಕೆ.

ಎರಡೂ ಅಲ್ಲವೆಂದರೆ ಒಂದೇ ಉಳಿಯಿತು. ಅಹಂಕಾರ. ದಿನವಿಡೀ ಮಕ್ಕಳಿಗೆ ಲಗೋರಿ ಆಡಿಸಿಕೊಂಡು ಹಾಯಾಗಿರುವವಳಿಗೆ ಸಂಜೆ ಒಂದು ಗಂಟೆ ಸಿಟ್ಟು ನುಂಗುವುದು ಕಷ್ಟವೇ? ಇನ್ನಷ್ಟು ನುಂಗು.

ನಾನು ನೆಟ್ಟಗಿದ್ದೇನೆ. ನಿನ್ನ ಚಿಂತೆ ನೀನು ಮಾಡು.

ಹನುಮಂತಯ್ಯ

*

ಚಂದ್ರಾ ಲೇಔಟ್
12 ಆಗಸ್ಟ್ 2025

ಮೇಷ್ಟ್ರೇ,

ಉಪವಾಸವಿಲ್ಲ. ಹುಡುಗನೂ ಇಲ್ಲ. ಶಾಲೆಯೂ ಇಲ್ಲ.

ಮಾರ್ಚ್‌ಗೇ ಆ ಕೆಲಸ ಮುಗಿಯಿತು. ಮುಂದಿನ ವರ್ಷಕ್ಕೆ ಪಿ.ಟಿ. ಸಹಾಯಕಿ ಬೇಡವೆಂದು ಹೇಳಿ ಕಳಿಸಿದರು. ನೀವು ಆ ಮಂಡಿ ಎಳೆದುಕೊಂಡು ಹೆಡ್‌ಮಿಸ್ ಹತ್ತಿರ ಹೋಗಿ ನನ್ನ ಪರವಾಗಿ ಕೇಳಿದ್ದಿರಿ. ಯಾವ ಮುಖ ಇಟ್ಟುಕೊಂಡು ಬರೆಯಲಿ? ಏಪ್ರಿಲ್‌ನಿಂದ ರಾಜಾಜಿನಗರದ ಒಂದು ಗ್ಯಾಸ್ ಏಜೆನ್ಸಿಯಲ್ಲಿ ಕಂಪ್ಲೇಂಟ್ ಫೋನ್ ಎತ್ತುತ್ತಿದ್ದೇನೆ.

ಅಲ್ಲಿ ನನ್ನ ಕೆಲಸ ಏನು ಗೊತ್ತೇ? ಬೈಸಿಕೊಳ್ಳುವುದು. "ಸಿಲಿಂಡರ್ ಎಲ್ರೀ? ಮನೇಲಿ ಅಡುಗೆ ನಿಂತಿದೆ, ನೀವೇನು ಕತ್ತೆ ಕಾಯ್ತಿದೀರಾ?" ಎನ್ನುತ್ತಾರೆ. ನಾನು "ನಾಳೆ ಬರುತ್ತೆ ಸಾರ್, ದಯವಿಟ್ಟು" ಎನ್ನಬೇಕು. ಎದುರು ಮಾತಾಡಿದರೆ ಓನರ್ ಕೆಲಸದಿಂದ ತೆಗೆಯುತ್ತಾರೆ. ಭಾನುವಾರ ರಜೆ. ಎರಡು ದಿನದ ಬೈಗುಳ ಒಟ್ಟಿಗೆ ಸೋಮವಾರ ಬರುತ್ತದೆ. ಒಬ್ಬರಾದ ಮೇಲೆ ಒಬ್ಬರು, ಸಂಜೆಯವರೆಗೆ ನುಂಗುತ್ತೇನೆ. ಆಮೇಲೆ ಬಸ್ಸಿನಲ್ಲಿ ನೇತಾಡಿಕೊಂಡು ಮೈದಾನಕ್ಕೆ ಬಂದರೆ ತಲೆಯಲ್ಲಿ ನಿಮ್ಮ ಕಾಗದದ ಮಾತು: ಇನ್ನಷ್ಟು ನುಂಗು.

ಎಲ್ಲಿಗೆ ನುಂಗಲಿ ಮೇಷ್ಟ್ರೇ? ಇರುವುದು ಒಂದೇ ಹೊಟ್ಟೆ. ಚೌಕದಲ್ಲಿ ಕೂತಾಗ ನನಗೆ ಕೀರ್ತನಾಳ ಹೆಜ್ಜೆ ಕೇಳುವುದಿಲ್ಲ, ಬೆಳಗಿನ ಫೋನುಗಳು ಕೇಳುತ್ತವೆ. ಎದ್ದು ಓಡಿಹೋಗಬೇಕು ಅನ್ನಿಸುತ್ತದೆ, ಕಾಲು ಎದ್ದುಬಿಡುತ್ತದೆ.

ಅಹಂಕಾರವಂತೆ.

ವಚನಾ

*

ಚಂದ್ರಾ ಲೇಔಟ್
29 ಆಗಸ್ಟ್ 2025

ಪೂಜ್ಯ ಮೇಷ್ಟರಿಗೆ,

ಎರಡು ವಾರ ದಾಟಿದರೂ ನಿಮ್ಮಿಂದ ಕಾಗದವಿಲ್ಲ. ಕೋಪ ಬಂದಿದ್ದರೆ ಬೈದಾದರೂ ಬರೆಯಿರಿ. ನಿಮ್ಮ ಬೈಗುಳಕ್ಕೆ ನಾನು "ದಯವಿಟ್ಟು ಸಾರ್" ಎನ್ನಬೇಕಾಗಿಲ್ಲ, ಅದಕ್ಕೇ ನನಗೆ ಅದು ಇಷ್ಟ.

ನಾನು ಬರೆದ ರೀತಿ ತಪ್ಪು. ಬರೆದ ವಿಷಯ ತಪ್ಪಲ್ಲ. ಕೀರ್ತನಾಗೂ ಎಲ್ಲ ಹೇಳಿದೆ. "ಇಷ್ಟು ದಿನ ನನಗೆ ಯಾಕೇ ಹೇಳಲಿಲ್ಲ?" ಎಂದು ಅವಳೂ ಒಂದು ಸುತ್ತು ಬೈದಳು.

ಲತಕ್ಕನಿಗೆ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ "ಅಪ್ಪ ಮಲಗಿದಾರೆ ಕಣೇ" ಎಂದರು. ಒಂದು ಸಲ ಬೆಳಿಗ್ಗೆ ಹತ್ತು ಗಂಟೆ. ಹಗಲು ಹೊತ್ತು ಬೆಂಚಿನ ಮೇಲೆ ತೂಕಡಿಸಿದ ಹುಡುಗಿಯರಿಗೆ ಮೈದಾನ ಸುತ್ತಿಸುತ್ತಿದ್ದ ಮನುಷ್ಯ ಹತ್ತು ಗಂಟೆಗೆ ಮಲಗುವುದೆಂದರೇನು? ಮೇಷ್ಟ್ರೇ, ನೀವು ನಿಜವಾಗಿಯೂ ಹೇಗಿದ್ದೀರಿ?

ನಿಮ್ಮ
ವಚನಾ

*

ಕಲಬುರಗಿ
3 ಸೆಪ್ಟೆಂಬರ್ 2025

ಚಿ. ವಚನಾ,

ಕೋಪವಿಲ್ಲ. ಮಲಗಿದ್ದೆ. ನಿಜವಾಗಿಯೂ ಮಲಗಿದ್ದೆ.

ಗೇಟಿನವರೆಗೆ ಹೋಗುತ್ತೇನೆ ಎಂದು ಬರೆದೆನಲ್ಲ, ಒಂದು ದಿನವೂ ಹೋಗಿಲ್ಲ. ಕಾಗದಗಳನ್ನೆಲ್ಲ ಡಬ್ಬಕ್ಕೆ ಹಾಕಿದ್ದು ಲತಾ. ಇಲ್ಲಿ ಮಧ್ವೇಶ್ ಅಂತ ಒಬ್ಬ ಹುಡುಗ ಬರುತ್ತಾನೆ, ಮಂಡಿಗೆ ವ್ಯಾಯಾಮ ಮಾಡಿಸುವವನು. ಮಂಚದ ಅಂಚಿನಲ್ಲಿ ಕೂರಿಸಿ "ನಾ ಅನ್ನೂತನಕ ಏಳಬ್ಯಾಡ್ರಿ ಸರ" ಎನ್ನುತ್ತಿದ್ದ. ನನಗೆ ಮೈ ಉರಿಯುತ್ತಿತ್ತು. ಸಾವಿರಾರು ಮಕ್ಕಳನ್ನು ಎಬ್ಬಿಸಿ ಕೂರಿಸಿದವನಿಗೆ ಇವನು ಹೇಳುತ್ತಾನೆಯೇ? ಆದರೆ ಮಗಳ ಮನೆ. ಬೈದರೆ ಅವಳಿಗೆ ಬೇಜಾರು. ನಾನೂ ಹಲ್ಲು ಕಚ್ಚಿ ನುಂಗುತ್ತಿದ್ದೆ.

ಆಗಸ್ಟ್ ಹತ್ತನೇ ತಾರೀಕು, ಲತಾ ತರಕಾರಿಗೆ ಹೋಗಿದ್ದಾಗ, ಯಾರೂ ಹೇಳದೆ ಎದ್ದೆ. ನಾಲ್ಕು ಹೆಜ್ಜೆ ಇಟ್ಟು ಬಿದ್ದೆ. ಮೂಳೆ ಮುರಿಯಲಿಲ್ಲ, ಮಂಡಿ ಮಾತ್ರ ಮತ್ತೆ ಊದಿ ಕುಂಬಳಕಾಯಿಯಾಯಿತು. ಮೂರು ವಾರ ಹಾಸಿಗೆ. ಇದು ಆದದ್ದು ನಿನ್ನ ಕಾಗದ ಬರುವುದಕ್ಕೆ ಮೊದಲೇ, ನಿನ್ನ ತಲೆಗೆ ಹಚ್ಚಿಕೊಳ್ಳಬೇಡ.

ಹಾಸಿಗೆಯಲ್ಲಿ ನಿನ್ನ ಕಾಗದ ಓದಿದೆ. ನಿನಗೆ ನುಂಗು ಎಂದು ಬರೆದವನು ತಾನೇ ನುಂಗಿ ನುಂಗಿ ಕಡೆಗೆ ಫೌಲ್ ಮಾಡಿ ಮಲಗಿದ್ದಾನೆ. ನಗು ಬಂತು. ಆಮೇಲೆ ನಿನ್ನನ್ನು ಅಹಂಕಾರಿ ಎಂದದ್ದು ನೆನಪಾಗಿ ನಗು ನಿಂತುಹೋಯಿತು ಕಣಮ್ಮ. ಕೆಲಸ ಹೋಯಿತು ಎಂದರೆ ನಾನು ಬೇಜಾರು ಮಾಡಿಕೊಳ್ಳುತ್ತಿದ್ದೆ ನಿಜ, ಆದರೆ ನಿನ್ನ ಮೇಲಲ್ಲ.

ಈಗ ಔಷಧಿ. ಇದು ನನ್ನದಲ್ಲ, ಆ ಹುಡುಗನದು. ಮೊನ್ನೆ ತಡೆಯಲಾರದೆ ಅವನಿಗೆ ಬಾಯಿಗೆ ಬಂದದ್ದು ಅಂದುಬಿಟ್ಟೆ. ಅವನು ಟವೆಲ್ ಮಡಚುತ್ತಾ ಹೇಳಿದ: "ಬೈಬೇಕು ಅನ್ಸಿದ್ರ ಬೈರಿ ಸರ. ನಿಮ್ಮ ಬಾಯಿಗೇನು ಆಪರೇಷನ್ ಆಗಿಲ್ಲ. ಏಳಬ್ಯಾಡ್ರಿ ಅಷ್ಟ." ಬೈದೆ. ಅರ್ಧ ಗಂಟೆ ಬೈದೆ. ವಿಚಿತ್ರ ನೋಡು, ಆ ದಿನ ಅವನು ಏಳಿ ಅನ್ನುವವರೆಗೆ ಕೂರುವುದು ನನಗೆ ಕಷ್ಟವಾಗಲಿಲ್ಲ.

ನಿನಗೆ ಹೇಗೆ ಒಗ್ಗುತ್ತದೋ ನೋಡಿಕೋ. ಸಿಟ್ಟು ಬರಬಾರದು ಎಂದು ಇನ್ನು ನಾನು ಹೇಳುವುದಿಲ್ಲ. ಬರಲಿ. ಬಂದು ಪಕ್ಕದಲ್ಲಿ ಕೂರಲಿ.

ನಿನ್ನ ಮೇಷ್ಟ್ರು

*

ಚಂದ್ರಾ ಲೇಔಟ್
8 ಸೆಪ್ಟೆಂಬರ್ 2025

ಪೂಜ್ಯ ಮೇಷ್ಟರಿಗೆ,

ಕಾಗದ ಓದಿ ಅತ್ತೆ, ಆಮೇಲೆ ನಿಮಗೆ ಚೆನ್ನಾಗಿ ಬೈದೆ. ಕುದುರೆಯಂತೆ ಕುದುರೆ! ಲತಕ್ಕನಿಗೆ ಫೋನ್ ಮಾಡಿ ಹೇಳಿದ್ದೇನೆ, ಮನೆಯಲ್ಲಿ ಯಾರೂ ಇಲ್ಲದಾಗ ನಿಮ್ಮ ಚಪ್ಪಲಿ ಬಚ್ಚಿಡಿ ಎಂದು.

ನಿಮ್ಮ ಕಾಗದವನ್ನು ಕೀರ್ತನಾಗೆ ಓದಿ ಹೇಳಿದೆ. ಅವಳ ತಲೆ ಸುಮ್ಮನಿರುತ್ತದೆಯೇ? ಮರುದಿನ ಪ್ರಾಕ್ಟೀಸಿನಲ್ಲಿ ನನ್ನನ್ನು ಚೌಕದಲ್ಲಿ ಕೂರಿಸಿ, ಇಡೀ ತಂಡವನ್ನು ಸುತ್ತ ನಿಲ್ಲಿಸಿದಳು. "ಎಲ್ರೂ ಗ್ಯಾಸ್ ಕಸ್ಟಮರ್‌ಗಳು. ಶುರು ಮಾಡ್ರೇ!" ಎಂದಳು. ಒಬ್ಬಳು "ಏನ್ರೀ, ಸಿಲಿಂಡರ್ ಎಲ್ರೀ?" ಎಂದು ಕಿರುಚಿದಳು. ಇನ್ನೊಬ್ಬಳು "ಮನೇಲಿ ನಾಮಕರಣ ಇದೆ, ಪಾಯಸಕ್ಕೆ ನಿಮ್ಮ ತಲೆ ಮೇಲೆ ಪಾತ್ರೆ ಇಡ್ಲಾ?" ಎಂದಳು. ನಿಯಮ ಇಷ್ಟೇ, ನಾನು ಬಾಯಿಗೆ ಬಂದದ್ದು ತಿರುಗಿ ಹೇಳಬಹುದು, ಆದರೆ ಬೆನ್ನಿಗೆ ಕೈ ತಾಗಿ ಖೋ ಎನ್ನುವವರೆಗೆ ಏಳುವ ಹಾಗಿಲ್ಲ.

ಐದು ತಿಂಗಳು ಹೇಳಲಾಗದೆ ಉಳಿದದ್ದೆಲ್ಲ ಹೇಳಿದೆ ಮೇಷ್ಟ್ರೇ. "ನಾಮಕರಣಕ್ಕೆ ಮೊದ್ಲೇ ಬುಕ್ ಮಾಡೋಕೆ ಏನಾಗಿತ್ರೀ ರೋಗ?" ಎಂದೆ. ವಾಕಿಂಗ್ ಬಂದಿದ್ದ ಆಂಟಿಯರು ನಿಂತು ನೋಡುತ್ತಿದ್ದರು. ನಗುತ್ತಾ ನಗುತ್ತಾ ನನ್ನ ಭುಜ ಇಳಿದು ಹಗುರವಾಯಿತು. ಆಗ ನನಗೆ ಹಿಂದೆ ಕೀರ್ತನಾಳ ಹೆಜ್ಜೆ ಕೇಳಿಸಿತು. ಎಷ್ಟೋ ತಿಂಗಳ ಮೇಲೆ ಕೇಳಿಸಿತು.

ಈಗ ದಿನಾ ಹೀಗೇ ಮಾಡುತ್ತೇವೆ. ಇವತ್ತು ಸೋಮವಾರ, ಒಂದು ಸಲ ಎದ್ದೆ. ಪೂರ್ತಿ ವಾಸಿಯಾಗಿದೆ ಎಂದು ಸುಳ್ಳು ಹೇಳುವುದಿಲ್ಲ. ಆದರೆ ಎದ್ದದ್ದು ನನಗೆ ಗೊತ್ತಾಯಿತು.

ಮುಂದಿನ ಸೋಮವಾರಕ್ಕೆ ಅರ್ಧ ದಿನ ರಜೆ ಕೇಳಿದೆ. ಓನರ್ "ಸೋಮವಾರ ಯಾರಾದ್ರೂ ರಜೆ ಕೇಳ್ತಾರೇನಮ್ಮಾ?" ಎಂದರು. ಹಾಗಾಗಿ ಬೈಸಿಕೊಂಡೇ ಆಯ್ಕೆಗೆ ಹೋಗಬೇಕು.

ವಚನಾ

*

ಚಂದ್ರಾ ಲೇಔಟ್
17 ಸೆಪ್ಟೆಂಬರ್ 2025

ಪ್ರೀತಿಯ ಮೇಷ್ಟರಿಗೆ,

ಮೊದಲಿನಿಂದ ಹೇಳುತ್ತೇನೆ, ಕೊನೆಯ ಸಾಲಿಗೆ ಹಾರಬೇಡಿ.

ಸೋಮವಾರ ಬೆಳಿಗ್ಗೆಯಿಂದ ಫೋನು ಬಿಡುವು ಕೊಡಲಿಲ್ಲ. ಒಬ್ಬ ಮನುಷ್ಯ ನನ್ನ ಅಪ್ಪ ಅಮ್ಮನವರೆಗೂ ಹೋದ. ಅದನ್ನೇ ಹೊತ್ತುಕೊಂಡು ಬಸ್ಸು ಇಳಿದು ಮೈದಾನಕ್ಕೆ ಬಂದೆ. ಕೀರ್ತನಾ ಹೊಂಗೆ ಮರದ ಹಿಂದೆ ಕರೆದುಕೊಂಡು ಹೋಗಿ "ಇವತ್ತು ಯಾರು ಏನಂದ್ರು, ಹೇಳು" ಎಂದಳು. ಎಲ್ಲ ಕಕ್ಕಿದೆ. ಅವಳು ಆ ಮನುಷ್ಯನಿಗೆ ನನಗಿಂತ ಜೋರಾಗಿ ಬೈದಳು.

ಅಂಪೈರ್ ಕಾಂತರಾಜು ಸಾರ್. ಎದುರು ತಂಡ ರಾಜಾಜಿನಗರದ್ದೇ. ಆಟ ಶುರುವಾಗಿ ಸ್ವಲ್ಪ ಹೊತ್ತಿಗೇ ನನ್ನ ಮೇಲೆ ಸೀಟಿ ಊದಿದರು. ಮೇಷ್ಟ್ರೇ, ಈ ಸಲ ನಾನು ಎದ್ದಿರಲಿಲ್ಲ. ಭುಜ ಅಲುಗಿತ್ತು, ಅಷ್ಟೇ. ಸಿಟ್ಟು ಕಾಲಿನಿಂದ ನೆತ್ತಿಯವರೆಗೆ ಏರಿತು. ಜೇಬಿನ ಮೇಲೆ ಅವರ ಕೈ ಇತ್ತು, ಕಾರ್ಡ್ ಇರುವ ಜೇಬು. ಎಂಟು ವರ್ಷ ಅಲ್ಲೇ ಮುಗಿಯುವುದರಲ್ಲಿತ್ತು. ನೀವು ಹೇಳಿದ ಹಾಗೆ ಸಿಟ್ಟನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಬಾಯಿಂದ ಬಂದದ್ದು ಏನು ಗೊತ್ತೇ? "ನಾಳೆ ಬರುತ್ತೆ ಸಾರ್."

"ಏನಮ್ಮಾ?" ಎಂದರು ಕಾಂತರಾಜು ಸಾರ್.

"ಏನಿಲ್ಲ ಸಾರ್, ಆಡ್ಸಿ" ಎಂದೆ. ನನ್ನ ಪಕ್ಕದ ಚೌಕದವಳು ನಗು ತಡೆಯಲಾರದೆ ಬಗ್ಗಿಬಿಟ್ಟಳು.

ಕೊನೆಯ ನಿಮಿಷ. ಅವರಲ್ಲಿ ಇನ್ನೊಬ್ಬಳನ್ನು ಔಟ್ ಮಾಡಿದರೆ ನಮ್ಮ ಗೆಲುವು. ಅವಳು ನನ್ನ ಎದುರಿನ ಬದಿಯಲ್ಲಿದ್ದಳು. ನನ್ನ ಬೆನ್ನ ಹಿಂದಿನ ಬದಿಯಲ್ಲಿ ಕೀರ್ತನಾ ಓಡಿಬರುತ್ತಿದ್ದಳು. ಹೆಜ್ಜೆ ಹತ್ತಿರವಾಯಿತು. ಅವಳ ಉಸಿರೂ ಕೇಳಿಸಿತು. ಮೈದಾನದಲ್ಲಿದ್ದವರೆಲ್ಲ ನಾನು ಎದ್ದೇ ಏಳುತ್ತೇನೆಂದುಕೊಂಡರು. ಎದುರಾಳಿಯಂತೂ ನಂಬಿಯೇ ಬಿಟ್ಟಿದ್ದಳು, ನನ್ನ ಆತುರ ಅವರಿಗೆಲ್ಲ ಬಾಯಿಪಾಠ. ನಾನು ಎದ್ದು ಹಿಡಿಯುವ ಮೊದಲೇ ತಪ್ಪಿಸಿಕೊಳ್ಳಲು ನನ್ನ ಪಕ್ಕದ ಸಂದಿಯಿಂದ ಆಚೆ ಬದಿಗೆ ನುಗ್ಗಿದಳು.

ಕೀರ್ತನಾ ಖೋ ಅನ್ನಲಿಲ್ಲ. ನಾನು ಏಳಲಿಲ್ಲ. ಆ ಹುಡುಗಿ ಸೀದಾ ಹೋಗಿ ಕೀರ್ತನಾಳ ಕೈಗೆ ಸಿಕ್ಕಳು.

ಎಲ್ಲರೂ ಕೀರ್ತನಾಳನ್ನು ಎತ್ತಿಕೊಂಡು ಕುಣಿಯುತ್ತಿದ್ದರು. ನಾನು ಚೌಕದಲ್ಲೇ ಕೂತಿದ್ದೆ. ಎಂಟು ವರ್ಷದಲ್ಲಿ ನಾನು ಆಡಿದ ಒಳ್ಳೆಯ ಆಟ ಏನೂ ಮಾಡದೆ ಕೂತದ್ದು. ಕಾಂತರಾಜು ಸಾರ್ ಹತ್ತಿರ ಬಂದು ತಮ್ಮ ಬಾಟಲಿ ಕೊಟ್ಟು "ಕುಡಿ. ಒದೀಬೇಡ" ಎಂದರು.

ರಾಜ್ಯ ತಂಡದ ಹೆಸರು ನಿನ್ನೆ ಸಂಜೆ ಓದಿದರು. ಕೀರ್ತನಾಳದ್ದು ಮೊದಲೇ ಬಂತು. ನನ್ನದು ಎಲ್ಲರಿಗಿಂತ ಕೊನೆಗೆ. ಅಷ್ಟು ಹೊತ್ತೂ ಕೂತೇ ಇದ್ದೆ.

ಇವತ್ತು ಏಜೆನ್ಸಿಯಲ್ಲಿ ಮತ್ತೆ ಬೈಸಿಕೊಂಡೆ. ಅದು ನಿಲ್ಲುವುದಿಲ್ಲ. ಬೇರೆ ಕೆಲಸ ಹುಡುಕುತ್ತಿದ್ದೇನೆ, ಸಿಕ್ಕಾಗ ನಿಮಗೇ ಮೊದಲು ಹೇಳುತ್ತೇನೆ. ಸಿಗದಿದ್ದರೂ ಹೇಳುತ್ತೇನೆ.

ನಿಮ್ಮ
ವಚನಾ

*

ಕಲಬುರಗಿ
25 ಸೆಪ್ಟೆಂಬರ್ 2025

ಚಿ. ವಚನಾ,

ಕೊನೆಯ ಸಾಲಿಗೆ ಹಾರಬೇಡಿ ಎಂದು ಬರೆದಿದ್ದೆ ನೀನು. ನಾನು ಹಾರಿದೆ. ಅಲ್ಲಿ ಏಜೆನ್ಸಿಯ ವಿಷಯ ಇತ್ತು. ತಪ್ಪಿಗೆ ತಕ್ಕ ಶಾಸ್ತಿ ಎಂದುಕೊಂಡು ಮೊದಲಿನಿಂದ ಓದಿದೆ.

ಕೀರ್ತನಾ ಖೋ ಅನ್ನಲಿಲ್ಲ, ನಾನು ಏಳಲಿಲ್ಲ ಎಂಬಲ್ಲಿಗೆ ಬಂದಾಗ ಗಟ್ಟಿಯಾಗಿ ಕೂಗಿದೆನಂತೆ. ಲತಾ ಒಲೆಯ ಮೇಲೆ ರೊಟ್ಟಿ ಬಿಟ್ಟು ಓಡಿಬಂದಳು, ಮತ್ತೆ ಬಿದ್ದೆನೋ ಎಂದು. ಕೂತೇ ಇದ್ದೆ. ರೊಟ್ಟಿ ಸೀದುಹೋಯಿತು, ಒಳ್ಳೆಯದೇ ಆಯಿತು, ಆ ದಿನ ಅನ್ನ ಸಿಕ್ಕಿತು. ಮಧ್ವೇಶನಿಗೂ ನಿನ್ನ ಕಾಗದ ಓದಿ ಹೇಳಿದೆ. "ನಂದೂ ಒಂದ್ ಪಾಲು ಐತಿ ಅಂತ ಬರೀರಿ ಸರ" ಎಂದ. ಬರೆದಿದ್ದೇನೆ.

ಈಗ ಅವನು ಏಳಿ ಎಂದಾಗ ಎದ್ದು, ಬಾಗಿಲವರೆಗೆ ವಾಕರ್ ಹಿಡಿದು ಹೋಗುತ್ತೇನೆ. ಗೇಟು ಇನ್ನೂ ದೂರ. ಈ ಕಾಗದವನ್ನು ಡಬ್ಬಕ್ಕೆ ಹಾಕುವುದು ಲತಾ.

ನವೆಂಬರ್‌ನಲ್ಲಿ ಮಂಡಿ ತೋರಿಸಲು ಬೆಂಗಳೂರಿಗೆ ಕರೆತರುತ್ತಾಳಂತೆ. ಆಸ್ಪತ್ರೆಗಿಂತ ಮೊದಲು ವಿಜಯನಗರದ ಮೈದಾನ ಎಂದು ಹೇಳಿದ್ದೇನೆ. ಹೊಂಗೆ ಮರದ ಕೆಳಗೆ ನನಗೊಂದು ಕುರ್ಚಿ ಹಾಕಿಸು, ಕೈ ಇರುವ ಕುರ್ಚಿ. ನಿನ್ನ ಆಟ ನೋಡುತ್ತಾ ನನಗೆ ಎದ್ದು ಬರಬೇಕು ಅನ್ನಿಸುತ್ತದೆ, ನನ್ನ ಸ್ವಭಾವ ನನಗೆ ಗೊತ್ತು. ಬಾಯಿಗೆ ಬಂದದ್ದು ಕೂಗುತ್ತೇನೆ. ಏಳುವುದಿಲ್ಲ.

ಆಟ ಮುಗಿದ ಮೇಲೆ ನೀನು ಹಿಂದಿನಿಂದ ಬಾ. ಬೆನ್ನು ಮುಟ್ಟು. ಜೋರಾಗಿ ಖೋ ಅನ್ನು, ಕಿವಿ ಸರಿಯಿಲ್ಲ. ಆಮೇಲೆ ಏಳುತ್ತೇನೆ.

ನಿನ್ನ ಮೇಷ್ಟ್ರು
ಹನುಮಂತಯ್ಯ